ಡಿಗ್ರಿ ಮುಗಿಯಿತು, ಓದು?

ಕಾಲೇಜಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆ ಆವೃತ್ತಿ ಪೈಥಾನ್ 2 ಕಲಿತವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. 2020ರ ಜನವರಿ 1ಕ್ಕೆ ಅದರ ಅಧಿಕೃತ ಬೆಂಬಲವೇ ನಿಂತುಹೋಯಿತು. ಹಳೆಯದರಲ್ಲಿ 5/2 ಅಂದರೆ 2 ಬರುತ್ತಿತ್ತು, ಪೈಥಾನ್ 3ರಲ್ಲಿ 2.5 ಬರುತ್ತದೆ. ಎರರ್ ಬರುವುದಿಲ್ಲ, ಸುಮ್ನೆ ಲೆಕ್ಕ ಬದಲಾಗಿರುತ್ತದೆ! ಇಂಥದ್ದನ್ನು ಮೊದಲೇ ಹೇಳಿ ಎಚ್ಚರಿಸುವವರು ಹಳೆ ಕ್ಲಾಸ್‌ಮೇಟ್‌ಗಳೇ, ಏಕೆಂದರೆ ಒಬ್ಬರು ಬ್ಯಾಂಕಿನ ಸಾಫ್ಟ್‌ವೇರ್ ನೋಡುತ್ತಿರುತ್ತಾರೆ, ಇನ್ನೊಬ್ಬರು ಚಿಪ್ ಡಿಸೈನ್‌ನಲ್ಲಿರುತ್ತಾರೆ, ಒಬ್ಬರಿಗೆ ಬಂದ ತೊಂದರೆ ನಾಳೆ ಇನ್ನೊಬ್ಬರಿಗೂ ಬರಬಹುದು.

ನಾವು ಕೆಲವರು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಯೋಜನೆಯ ಕೋರ್ಸುಗಳನ್ನು ಒಟ್ಟಿಗೆ ಮಾಡುತ್ತೇವೆ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ, ನೋಡೋಕೆ ದುಡ್ಡು ಕೊಡಬೇಕಿಲ್ಲ, ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆಯ ಫೀಸು ಕಟ್ಟಬೇಕು. ಒಬ್ಬರೇ ಕೂತರೆ ಅಸೈನ್‌ಮೆಂಟ್ ಬಂದ ಕೂಡಲೇ ಕೈಬಿಡುವವರೇ ಜಾಸ್ತಿ, ಅಲ್ವಾ?

ಹಳೆಯದನ್ನೂ ಓದಿ. ಕಂಪ್ಯೂಟರ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಎಸಿಎಂ 1951ರಿಂದ 2000ದವರೆಗಿನ ತನ್ನ ಲೇಖನಗಳನ್ನು 2022ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ರಿಲೇಷನಲ್ ಡೇಟಾಬೇಸ್ (ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ವಿಧಾನ) ಬಗ್ಗೆ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಬರೆದದ್ದೂ ಅದರಲ್ಲಿದೆ.

ಕಾಲೇಜುಗಳಿಗೂ ಒಂದು ಮಾತು. ಹಳೆ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಊಟಕ್ಕೆ ಕರೆದು ಗ್ರೂಪ್ ಫೋಟೊ ತೆಗೆದರೆ ಸಾಲದು, ತಿಂಗಳಿಗೊಂದು ಶನಿವಾರ ಲ್ಯಾಬ್ ಬಾಗಿಲು ತೆಗೆದುಕೊಡಿ, ಕಲಿಸೋಕೂ ಬರುತ್ತೇವೆ, ಕಲಿಯೋಕೂ ಬರುತ್ತೇವೆ.