ನೀ ಯಾರ ಪೈಕಿ ಅದೀಯೋ?

ಹೋದ ಕಾರ್ತಿಕದಲ್ಲಿ ನಮ್ಮ ಹಿಸ್ಟರಿ ಸರ್ ತೀರಿಕೊಂಡರು. ಫೋನ್ ಬಂದಾಗ ನಾನು ಬ್ಯಾಂಕಿನಲ್ಲಿದ್ದೆ. ಎದುರಿಗೆ ಇಬ್ಬರು ರೈತರು ಕೂತಿದ್ದರು. ಐದು ನಿಮಿಷ ಏನೂ ಮಾತಾಡಲು ಆಗಲಿಲ್ಲ. ಕಿವಿಯೊಳಗೆ ಸರ್ ಅವರ ಒಂದೇ ಪ್ರಶ್ನೆ ಓಡುತ್ತಿತ್ತು: "ನೀ ಯಾರ ಪೈಕಿ ಅದೀಯೋ?"

ಸರ್ ಹೆಸರು, ಸೇವೆಯ ವಿವರ ಎಲ್ಲಾ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬರುತ್ತದೆ ಅಂತ ಸಂಪಾದಕರು ಹೇಳಿದ್ದಾರೆ. ನಮಗೆ ಅವರು ಬರೀ ಹಿಸ್ಟರಿ ಸರ್. ನಾನೂ ಹಾಗೇ ಬರೆಯುತ್ತೇನೆ.

1985ರ ಜೂನ್. ಎಂಟನೇ ಕ್ಲಾಸಿನ ಮೊದಲ ದಿನ. ಕುಂದಗೋಳದ ಸುತ್ತಲಿನ ಏಳೆಂಟು ಹಳ್ಳಿಗಳಿಂದ ನಡೆದು ಬಂದ ಹುಡುಗರು ನಾವು. ಸರ್ ಹಾಜರಿ ಪುಸ್ತಕ ಮುಚ್ಚಿಟ್ಟು ಒಬ್ಬೊಬ್ಬರನ್ನೇ ಎಬ್ಬಿಸಿ ಈ ಪ್ರಶ್ನೆ ಕೇಳಿದರು. ನಮ್ಮ ಕಡೆ ಇದೇನು ಹೊಸದಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಎಲ್ಲಿ ಸಿಕ್ಕರೂ ಹಿರಿಯರು ಕೇಳುವ ಮಾತೇ. ಅಪ್ಪನ ಹೆಸರು, ಮನೆತನದ ಹೆಸರು ಹೇಳಿದೆವು. ಅದನ್ನು ಕೇಳಿ ಸುಮ್ಮನಾಗುತ್ತಾರೆ ಅಂದುಕೊಂಡರೆ ಎರಡನೇ ಪ್ರಶ್ನೆ ಬಂತು.

"ನಿಮ್ಮವ್ವಗ ಏನೇನ ಬರತೈತಿ?"

ಇಡೀ ಕ್ಲಾಸು ಗಪ್ ಚಿಪ್. ಇಂಥ ಪ್ರಶ್ನೆಯನ್ನು ಯಾರೂ ನಮಗೆ ಕೇಳಿರಲಿಲ್ಲ. ಒಬ್ಬ ರೊಟ್ಟಿ ಅಂದ. "ಎಷ್ಟ ತೆಳ್ಳಗ ಬಡೀತಾಳ?" ಅಂತ ಕೇಳಿದರು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಮೊದಲ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ, ತಲೆ ತಗ್ಗಿಸಿ ನಿಂತುಬಿಟ್ಟ. ಸರ್ ಒತ್ತಾಯ ಮಾಡಲಿಲ್ಲ, ನೇರವಾಗಿ ಎರಡನೆಯದಕ್ಕೆ ಹೋದರು. "ಕೌದಿ ಹೊಲೀತಾಳ್ರಿ" ಅಂದ. ಎಷ್ಟು ಪದರು, ಯಾವ ದಾರ, ಅಂಚಿಗೆ ಏನು ಹಚ್ಚುತ್ತಾಳೆ ಅಂತ ಸರ್ ಕೇಳುತ್ತಾ ಹೋದರು. ಆ ಹುಡುಗ ಹತ್ತು ನಿಮಿಷ ಮಾತಾಡಿದ. ಅವನು ಅಷ್ಟು ಮಾತಾಡಿದ್ದನ್ನು ಆಮೇಲೆ ಮೂರು ವರ್ಷದಲ್ಲಿ ನಾನು ನೋಡಲಿಲ್ಲ.

ಆ ವಾರವೇ ಎಲ್ಲರೂ ನೂರು ಪುಟದ ಒಂದು ನೋಟ್‌ಬುಕ್ ತರಬೇಕು ಅಂತ ಆಯಿತು. ಮುಂದಿನಿಂದ ಬರೆದರೆ ನಾಡಿನ ದೊಡ್ಡವರ ಕಥೆ. ನೋಟ್‌ಬುಕ್ ತಿರುವಿ ಹಿಂದಿನಿಂದ ಬರೆದರೆ ನಮ್ಮ ಮನೆಯವರ, ಓಣಿಯವರ ಕಥೆ. ಎರಡೂ ನಡುವೆ ಬಂದು ಕೂಡಬೇಕು. ದೊಡ್ಡವರದ್ದು ಬರೆಯುವಾಗಲೂ ಹುಟ್ಟಿದ ವರ್ಷ, ಪ್ರಶಸ್ತಿಯ ಹೆಸರು ಮಾತ್ರ ಬರೆದರೆ ನಡೆಯುತ್ತಿರಲಿಲ್ಲ. ಅವರು ಯಾರ ಮಗ, ಯಾರ ಮಗಳು, ಮನೆಯಲ್ಲಿ ಯಾವ ಮಾತು ಆಡುತ್ತಿದ್ದರು, ಬೆಳೆಸಿದವರು ಯಾರು, ಮೊದಲು ಇವೆಲ್ಲಾ ಬರಬೇಕು.

ನಿಜ ಹೇಳಬೇಕೆಂದರೆ ಆ ಮೂರು ವರ್ಷದ ಹಿಸ್ಟರಿ ಸಿಲೆಬಸ್ಸಿನಲ್ಲಿ ನನಗೆ ಇವತ್ತು ಒಂದು ಒಪ್ಪಂದದ ಹೆಸರೂ ನೆನಪಿಲ್ಲ. ಆದರೆ ಬೇಂದ್ರೆಯವರ ಪಾಠ ಅಕ್ಷರ ಅಕ್ಷರ ನೆನಪಿದೆ. ಬೋರ್ಡಿನ ಮೇಲೆ 'ಅಂಬಿಕಾತನಯದತ್ತ' ಅಂತ ದೊಡ್ಡದಾಗಿ ಬರೆದರು. ಆಮೇಲೆ ಸುಣ್ಣದ ಕಡ್ಡಿಯಿಂದ 'ಅಂಬಿಕಾ' ಅನ್ನುವುದರ ಸುತ್ತ ಒಂದು ಗೆರೆ ಹಾಕಿದರು. "ಯಾರ ಮಗಾಪಾ ನೀ ಅಂತ ಕೇಳಿದ್ರ ಉತ್ತರ ಹೆಸರಿನ್ಯಾಗ ಐತಿ. ಅಂಬಿಕಾನ ಮಗ ದತ್ತ." ಬೇಂದ್ರೆಯವರ ಮನೆಮಾತು ಮರಾಠಿ, ಸಣ್ಣ ವಯಸ್ಸಿಗೇ ಅಪ್ಪ ತೀರಿಹೋಗಿದ್ದರು, ಜ್ಞಾನಪೀಠ ಪಡೆದ ಕವಿ ತನ್ನ ಕಾವ್ಯನಾಮದ ಮೊದಲಿಗೆ ಅವ್ವನನ್ನು ಇಟ್ಟುಕೊಂಡರು. ಇಷ್ಟೇ ಪಾಠ. ಮನೆಗೆ ಹೋಗಿ ನಾನೂ ನನ್ನ ನೋಟ್‌ಬುಕ್ಕಿನ ಮೇಲೆ ಅವ್ವನ ಹೆಸರು ಸೇರಿಸಿ ಬರೆದೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಇದು ನಿನ್ನ ಹೆಸರು ಅಂತ ತೋರಿಸಿದೆ. ಸೀರೆ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಮುಟ್ಟಿ ನೋಡಿದಳು.

ಭೀಮಸೇನ ಜೋಶಿಯವರ ಕಥೆ ಹೇಳುವಾಗ ಸರ್ ಮುಖವೇ ಬೇರೆ ಆಗುತ್ತಿತ್ತು. ಗದಗಿನ ಗುರುರಾಜ ಜೋಶಿ ಮಾಸ್ತರರ ಮಗ. ಸಣ್ಣವನಿದ್ದಾಗ ಬೀದಿಯಲ್ಲಿ ಬಾಜಾ ಬಜಂತ್ರಿ ಸದ್ದು ಕೇಳಿದರೆ ಸಾಕು, ಮೆರವಣಿಗೆಯ ಹಿಂದೆ ಹೊರಟೇಬಿಡುತ್ತಿದ್ದ. ಸುಸ್ತಾಗಿ ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ಅಪ್ಪ ಮಗನ ಅಂಗಿಯ ಮೇಲೆ 'ಇವನು ಜೋಶಿ ಮಾಸ್ತರರ ಮಗ' ಅಂತ ಬರೆದುಬಿಟ್ಟರಂತೆ. ಮುಂದೆ ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಹೋಗಿ, ಊರೂರು ಅಲೆದು, ಕಡೆಗೆ ನಮ್ಮ ಕುಂದಗೋಳಕ್ಕೇ ಬಂದು ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತರು. "ಮಾಸ್ತರ ಮಗ" ಅನ್ನುವಾಗ ಸರ್ ದನಿಯಲ್ಲಿ ಒಂದು ಹೆಮ್ಮೆ ಇರುತ್ತಿತ್ತು.

ಇನ್ನೊಂದು ಮಧ್ಯಾಹ್ನ ನಮ್ಮನ್ನೆಲ್ಲಾ ನಡೆಸಿಕೊಂಡು ಕುಂದಗೋಳ ಸ್ಟೇಷನ್ನಿಗೆ ಕರೆದೊಯ್ದರು. ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ಕೂರಿಸಿದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಇಲ್ಲೇ ಇಳಿದು ಅದೇ ಸವಾಯಿ ಗಂಧರ್ವರ ಮನೆಗೆ ಪಾಠಕ್ಕೆ ನಡೆದು ಹೋಗುತ್ತಿದ್ದರು ಅಂತ ಕೈ ಮಾಡಿ ತೋರಿಸಿದರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೇ ಹಾಡುಗಾರ್ತಿ. ಮಗಳು ಹಿಂದೂಸ್ತಾನಿ ಕಲಿಯಲು ಶುರು ಮಾಡಿದಾಗ, ತನ್ನ ಹಾಡು ಅವಳ ಕಿವಿಗೆ ಬಿದ್ದು ದಾರಿ ತಪ್ಪಬಾರದು ಅಂತ ತಾನು ಹಾಡುವುದನ್ನೇ ಬಿಟ್ಟರು. ಹಾಡುವುದೇ ಬದುಕಾಗಿದ್ದ ಮನೆತನ ಅದು. ಹಾಡು ಕೇಳಲು ಬರುತ್ತಿದ್ದ ಊರೇ ಬೀದಿಯಲ್ಲಿ ಅವರನ್ನು ನೋಡಿ ಆಡಿಕೊಳ್ಳುತ್ತಿತ್ತು. ಇದನ್ನು ಹೇಳಿ ಸರ್ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಒಂದು ಗೂಡ್ಸ್ ಗಾಡಿ ಹೋಯಿತು. ಆಮೇಲೆ ಮೆತ್ತಗೆ ಅಂದರು: "ಬಿಟ್ಟ ಹಾಡಿನ ಲೆಕ್ಕ ಯಾರೂ ಇಡೂದಿಲ್ಲ. ನೀವು ಇಡ್ರಿ."

ಈಗ ನಮ್ಮ ಕಿತಾಪತಿಯ ಕಥೆ.

ಒಂಬತ್ತನೇ ಕ್ಲಾಸಿನಲ್ಲಿ ಸ್ವಾತಂತ್ರ್ಯ ಹೋರಾಟ ಬಂತು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಪಾಠ. ಹತ್ತೊಂಬತ್ತರ ಆಸುಪಾಸಿನ ಹುಡುಗ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದದ್ದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆ ಕೊಟ್ಟದ್ದು, ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಸತ್ತದ್ದು. ಕೇಳುವಾಗ ಮೈಮೇಲೆ ಕೂದಲು ನಿಂತಿದ್ದವು. ಆಮೇಲೆ ಸರ್ ಅಂದರು, ಈಗ ಹಿಂದಿನಿಂದ ಬರೆಯಿರಿ, ಆ ಹೊತ್ತಿನಲ್ಲಿ ನಿಮ್ಮ ಅಜ್ಜ ಏನು ಮಾಡುತ್ತಿದ್ದ.

ನಾವು ಮೂವರು ಒಂದೇ ಬೆಂಚಿನವರು. ಪಕ್ಕದ ಬೆಂಚಿನ ಒಬ್ಬನ ಅಜ್ಜ ನಿಜವಾಗಲೂ ಹೋರಾಟಗಾರರು, ಪಿಂಚಣಿ ಬರುತ್ತಿತ್ತು. ನಮಗೆ ತಡೆಯಲಾಗದ ಹೊಟ್ಟೆಕಿಚ್ಚು. ಮೂವರೂ ಕೂಡಿ ಒಂದು ಕಥೆ ಕಟ್ಟಿದೆವು. ಮೂವರ ಅಜ್ಜಂದಿರೂ ತಂತಿ ಕತ್ತರಿಸಿ ಹಿಂಡಲಗಾ ಜೈಲಿಗೆ ಹೋದರು, ಅಲ್ಲಿ ಉಪವಾಸ ಕೂತರು. ಸರ್ ಮೂರೂ ನೋಟ್‌ಬುಕ್ ಓದಿದರು. ಬಯ್ಯಲಿಲ್ಲ. "ಮೂರೂ ಮಂದಿ ಇದ್ದಾರ ಹೌದಿಲ್ಲೋ? ಐತವಾರ ಬರತೀನಿ" ಅಂದರು.

ಐತವಾರ ಬಂದೇಬಿಟ್ಟರು. ಸೈಕಲ್ಲಿಗೆ ಕೈಚೀಲ ಸಿಕ್ಕಿಸಿಕೊಂಡು ಬಿಸಿಲಲ್ಲಿ ಅಷ್ಟು ದೂರ. ನಾನು ಕಟ್ಟಿಗೆ ಒಲೆಯ ಹಿಂದೆ ಅಡಗಿಕೊಂಡೆ. ಅವ್ವ ಚುರಮುರಿ, ಚಹಾ ಕೊಟ್ಟಳು. ಸರ್ ಕಟ್ಟೆಯ ಮೇಲೆ ಅಜ್ಜನ ಪಕ್ಕ ಕೂತು ಜೈಲಿನ ವಿಷಯ ಕೇಳಿದರು.

"ಜೇಲ್ ಎಲ್ಲೀದ್ರಿ ಮಾಸ್ತರ್ರ," ಅಂದ ನಮ್ಮ ಅಜ್ಜ. "ನಾ ಅವಾಗ ಹುಬ್ಬಳ್ಳ್ಯಾಗ ಹತ್ತಿ ಅಂಡಿಗಿ ಹೊರತಿದ್ದೆ. ಹಮಾಲಿ."

ನನ್ನ ಎದೆ ಡವಡವ ಅನ್ನುತ್ತಿತ್ತು. ಸರ್ ಎದ್ದು ಹೋಗಲಿಲ್ಲ. ಅಂಡಿಗೆ ಎಷ್ಟು ತೂಕ, ಯಾರು ಎತ್ತಿ ಕೊಡುತ್ತಿದ್ದರು, ದಿನಕ್ಕೆ ಎಷ್ಟು ಕೂಲಿ, ರಾತ್ರಿ ಎಲ್ಲಿ ಮಲಗುತ್ತಿದ್ದಿರಿ, ಒಂದೊಂದೇ ಕೇಳಿದರು. ಅಜ್ಜ ಅಂಗಿ ಎತ್ತಿ ಬೆನ್ನು ತಿರುಗಿಸಿದ. ಕುತ್ತಿಗೆಯ ಕೆಳಗೆ ಲಿಂಬೆಕಾಯಿಯಷ್ಟು ಗಂಟು. ದಿನಾ ನೋಡುತ್ತಿದ್ದ ಗಂಟು, ಅದು ಯಾಕೆ ಬಂತು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. "ಮುಟ್ಟಲೇನ್ರಿ ಅಜ್ಜಾರ?" ಅಂತ ಕೇಳಿ ಸರ್ ಎರಡು ಬೆರಳಿಂದ ಮುಟ್ಟಿದರು. ಆಮೇಲೆ ಅಜ್ಜನೇ ಮಾತು ಮುಂದುವರಿಸಿದ. 1942ರಲ್ಲಿ ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಅನ್ನುವ ಸಣ್ಣ ಹುಡುಗನಿಗೆ ಪೊಲೀಸರ ಗುಂಡು ಬಿದ್ದ ಸುದ್ದಿ ಬಂದಾಗ ಅಂಡಿಗೆ ಇಳಿಸಿಟ್ಟು ಎಲ್ಲರೂ ನಿಂತುಬಿಟ್ಟರಂತೆ. "ಪ್ಯಾಟಿ ಬಂದ್ ಆದ್ರ ನಮಗ ಕೂಲಿ ಇಲ್ರಿ. ಕೂಲಿ ಇಲ್ಲಂದ್ರ ಊಟಿಲ್ಲ. ಆದ್ರ ಬಂದ್ ಮಾಡಬ್ಯಾಡ್ರಿ ಅಂತ ನಮ್ಮೊಳಗ ಒಬ್ಬಾಂವನೂ ಅನ್ನಲಿಲ್ಲ."

ಹೋಗುವಾಗ ಸರ್ ಒಲೆಯ ಹತ್ತಿರ ಬಂದು ಬಗ್ಗಿ ನನ್ನನ್ನು ನೋಡಿದರು. "ಕೇಳಿದಿಲ್ಲೋ? ಅದನ್ನ ಬರಿ. ಜೇಲಿನ ಹಾಳಿ ಹರಿಬ್ಯಾಡ, ಅದೂ ಇರಲಿ. ಮುಂದಿನ ಹಾಳ್ಯಾಗ ಇದನ್ನ ಬರಿ." ಉಳಿದ ಇಬ್ಬರ ಮನೆಗೂ ಅದೇ ದಿನ ಹೋದರು. ಒಬ್ಬನ ಅಜ್ಜ ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಸಾಗಿಸುತ್ತಿದ್ದ ಗಾಡಿಯವರು, ಇನ್ನೊಬ್ಬನ ಅಜ್ಜ ಜೀತಕ್ಕಿದ್ದವರು. ಸೋಮವಾರ ಮೂರೂ ಕಥೆಯನ್ನು ನಾವೇ ನಿಂತು ಓದಿದೆವು. ನನ್ನದನ್ನು ಓದಿ ಮುಗಿಸಿದಾಗ ಪಿಂಚಣಿ ಅಜ್ಜನ ಮೊಮ್ಮಗ ಬಂದು, ಗಂಟು ನೋಡಲು ನಿಮ್ಮ ಮನೆಗೆ ಬರಲಾ ಅಂತ ಕೇಳಿದ.

ಆ ನೋಟ್‌ಬುಕ್ ಇವತ್ತೂ ನನ್ನ ಹತ್ತಿರ ಇದೆ. ಸುಳ್ಳಿನ ಹಾಳೆ, ನಿಜದ ಹಾಳೆ ಎರಡೂ.

ನನ್ನ ಕೆಲಸದಲ್ಲಿ ಇದು ಎಷ್ಟು ಉಪಯೋಗಕ್ಕೆ ಬಂದಿದೆ ಅಂತ ಹೇಳಲೇಬೇಕು. ಮೂವತ್ತು ವರ್ಷದಿಂದ ಹಳ್ಳಿಗಳ ಬ್ಯಾಂಕಿನಲ್ಲಿದ್ದೇನೆ, ಈಗ ಮ್ಯಾನೇಜರ್. ಸಾಲಕ್ಕೆ ಬಂದವರ ಪಹಣಿ ನೋಡುವ ಮೊದಲು ಅವರ ಮನೆಯ ಕಥೆ ಕೇಳುತ್ತೇನೆ. ನಾನಿದ್ದ ಶಾಖೆಗಳಲ್ಲಿ ಜನ ಸಾಲ ತೀರಿಸಿದ್ದಾರೆ, ನನ್ನನ್ನು ಮದುವೆಗೂ ಕರೆದಿದ್ದಾರೆ, ಮಣ್ಣಿಗೂ ಕರೆದಿದ್ದಾರೆ. ಎಲ್ಲೆಲ್ಲಿ ವರ್ಗ ಆಯಿತೋ ಅಲ್ಲಲ್ಲಿ ಹಿರಿಯರನ್ನು ಕೂರಿಸಿಕೊಂಡು ಅವರ ಬಾಳಿನ ಕಥೆ ಬರೆದುಕೊಂಡಿದ್ದೇನೆ. ಹನ್ನೊಂದು ನೋಟ್‌ಬುಕ್ ತುಂಬಿವೆ. ಸರ್‌ಗೆ ತೋರಿಸಿದಾಗ ಒಂದೊಂದೇ ಪುಟ ತಿರುವಿ, "ಅವ್ವಂದಿರು ಕಡಿಮಿ ಅದಾರಲ್ಲೋ" ಅಂದಿದ್ದರು. ಅಲ್ಲಿಂದ ಮುಂದಿನ ನಾಲ್ಕು ನೋಟ್‌ಬುಕ್ ಹೆಂಗಸರದ್ದೇ.

ಇಂದಿನ ಶಾಲೆಗಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಹೋದ ವರ್ಷ ನನ್ನ ತಮ್ಮನ ಮಗಳಿಗೆ ಶಾಲೆಯಲ್ಲಿ ಫ್ಯಾಮಿಲಿ ಟ್ರೀ ಪ್ರಾಜೆಕ್ಟ್ ಕೊಟ್ಟಿದ್ದರು. ಅಂಗಡಿಯಲ್ಲಿ ರೆಡಿಮೇಡ್ ಚಾರ್ಟ್ ಸಿಗುತ್ತದೆ, ಹಸಿರು ಮರ, ಕೊಂಬೆಗೆ ಸೇಬಿನಂಥ ಖಾನೆ. ಫೋಟೋ ಅಂಟಿಸಿದರೆ ಆಯಿತು, ಹತ್ತಕ್ಕೆ ಹತ್ತು. ದೊಡ್ಡವರದ್ದೂ ಹಾಗೇ, ಮುಂದೆ ಚಿತ್ರ, ಹಿಂದೆ ನಾಲ್ಕು ಸಾಲು, ಐದು ರೂಪಾಯಿಗೆ ಒಂದು. ಮಗು ಫೋಟೋ ಅಂಟಿಸುವಾಗ ಅವ್ವ ಅಲ್ಲೇ ಪಕ್ಕದ ಕೋಣೆಯಲ್ಲಿ ಕೂತಿದ್ದಳು. ಎಂಬತ್ತೈದು ವರ್ಷದ ಅವ್ವ. ಅವಳನ್ನು ಏನೂ ಕೇಳುವ ಅಗತ್ಯವೇ ಆ ಮಗುವಿಗೆ ಬೀಳಲಿಲ್ಲ. ತಪ್ಪು ಮಗುವಿನದ್ದಲ್ಲ. ಕೆಲಸದ ಹೊರೆಯಲ್ಲಿ ಶಿಕ್ಷಕರಿಗೂ ಐತವಾರ ಸೈಕಲ್ ಹತ್ತಿ ಬರಲು ಪುರುಸೊತ್ತು ಎಲ್ಲಿದೆ? ಆದರೂ ಬೇಜಾರಾಗುತ್ತದೆ, ಅಲ್ವಾ?

2008ರಲ್ಲಿ ಭೀಮಸೇನ ಜೋಶಿಯವರಿಗೆ ಭಾರತ ರತ್ನ ಅಂತ ಸುದ್ದಿ ಬಂದ ದಿನ ಸರ್ ನನಗೆ ಫೋನ್ ಮಾಡಿದ್ದರು. ಹಲೋ ಇಲ್ಲ, ಆರಾಮಾ ಇಲ್ಲ. "ಮಾಸ್ತರ ಮಗಗ ಕೊಟ್ಟರಪಾ" ಅಂದರು, ಇಟ್ಟುಬಿಟ್ಟರು.

ಈ ಲೇಖನ ಬರೆಯಲು ಕೂತಾಗ ನನಗೆ ಒಂದು ವಿಷಯ ಹೊಳೆದು ಕೈ ನಿಂತಿತು. ಸರ್ ಯಾರ ಪೈಕಿ ಅಂತ ನನಗೆ ಗೊತ್ತಿರಲಿಲ್ಲ. ಹಳೆಯ ಗೆಳೆಯರಿಗೆಲ್ಲಾ ಫೋನ್ ಹಚ್ಚಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಅವರಿಗೆ ಒಬ್ಬ ಅಕ್ಕ ಇದ್ದಾರೆ, ತೊಂಬತ್ತರ ಹತ್ತಿರದವರು. ಹುಡುಕಿಕೊಂಡು ಹೋದೆ. ಹೆಸರುಗಳನ್ನು ಇಲ್ಲಿ ಹಾಕುತ್ತಿಲ್ಲ, ಮನೆಯವರು ಬೇಡ ಅಂದಿದ್ದಾರೆ.

ಸರ್ ತಂದೆ ಊರಿನ ವಾಲೀಕಾರ. ಚಾವಡಿಯಿಂದ ಮನೆ ಮನೆಗೆ ಸುದ್ದಿ ಮುಟ್ಟಿಸುವುದು, ಡಂಗುರ ಸಾರುವುದು ಅವರ ಕೆಲಸ. ಹಲಗೆ ಹೊತ್ತುಕೊಂಡು ಹಿಂದೆ ಹೋಗುತ್ತಿದ್ದವನು ಈ ಮಗ. "ಒಳಗ ಯಾರೂ ಕರೀತಿದ್ದಿಲ್ಲ," ಅಂದರು ಅಕ್ಕ. "ಕಟ್ಟೀ ಕೆಳಗ ನಿಂತ ಎಲ್ಲಾ ಕೇಳಾಂವ. ಯಾರ ಮನ್ಯಾಗ ಯಾರ ಅದಾರ, ಯಾರಿಗೆ ಏನ ಆಗೇತಿ, ಊರಿಗಿ ಊರ ಬಾಯಿಪಾಠ ಇತ್ತ ಅವಗ. ಅವನ್ನ ಮಾತ್ರ ಎಲ್ಲಾರೂ ವಾಲೀಕಾರನ ಹುಡುಗ ಅಂತಿದ್ರು. ಹೆಸರ ಹಿಡದ ಕರದವರ ಇಲ್ಲ."

ಸ್ವಲ್ಪ ಹೊತ್ತು ಬಿಟ್ಟು ನಾನು ಎರಡನೇ ಪ್ರಶ್ನೆ ಕೇಳಿದೆ. "ಯವ್ವಾ, ನಿಮ್ಮವ್ವಗ ಏನೇನ ಬರತಿತ್ತ?"

ಅವರು ಬೆರಳು ಮಡಚುತ್ತಾ ಎಣಿಸಿದರು. ಕಸಬರಿಗೆ ಕಟ್ಟಲು ಬರುತ್ತಿತ್ತು. ಬಾಣಂತನ ಮಾಡಲು ಬರುತ್ತಿತ್ತು. ಓದಲು ಬರುತ್ತಿರಲಿಲ್ಲ. ಅಂಗಡಿಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದ ಹಾಳೆ ಬಿಚ್ಚಿ, ಸೆರಗಿನಿಂದ ಒರೆಸಿ, ಮಗನ ಮುಂದೆ ಹಿಡಿದು, ಇದರಲ್ಲಿ ಯಾರ ಸುದ್ದಿ ಇದೆ ಓದು ಅನ್ನುತ್ತಿದ್ದಳು. ಓದುವ ತನಕ ಬೆಲ್ಲ ಕೊಡುತ್ತಿರಲಿಲ್ಲ. ಬೀಸುವಾಗ ಹಾಡುವ ಪದ ಬಹಳ ಬರುತ್ತಿದ್ದವು. ಅಷ್ಟಕ್ಕೆ ಅವರ ಬೆರಳು ನಿಂತಿತು.

"ಇನ್ನೂ ಇದ್ದಾವ. ಈಗ ನೆನಪಾಗವಲ್ವು," ಅಂದರು. "ಮುಂದಿನ ವಾರ ಬಾ ತಮ್ಮಾ."

ನನ್ನ ಆ ಹಳೇ ನೋಟ್‌ಬುಕ್ಕಿನಲ್ಲಿ ಮುಂದಿನ ಕಥೆಗಳೂ ಹಿಂದಿನ ಕಥೆಗಳೂ ಕೂಡದೆ ನಡುವೆ ನಾಲ್ಕು ಹಾಳೆ ಖಾಲಿ ಉಳಿದಿದ್ದವು. ಸರ್ ಮನೆಯ ಕಥೆಯನ್ನು ಅಲ್ಲಿ ಬರೆದಿದ್ದೇನೆ. ಎರಡು ಹಾಳೆ ತುಂಬಿವೆ. ಉಳಿದೆರಡನ್ನು ಅಕ್ಕನವರಿಗೆ ನೆನಪಾಗುವುದಕ್ಕೆ ಅಂತ ಬಿಟ್ಟಿದ್ದೇನೆ. ಶನಿವಾರ ಹೊರಟಿದ್ದೇನೆ.