ವೆಂಟಿಲೇಟರ್ ತೆಗೆಸಿದರೆ ಪಾಪ ಬರುತ್ತಾ, ಸಿಸ್ಟರ್?

ನಾನು ದಾವಣಗೆರೆಯಲ್ಲಿ ಬಹಳ ವರ್ಷ ಐಸಿಯು ನರ್ಸ್ ಆಗಿದ್ದೆ. ಈಗ ನಿವೃತ್ತಿ. ಕೆಲಸ ಬಿಟ್ಟರೂ ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬರುವಾಗ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ, ರಾತ್ರಿ ಮಲಗುವ ಹೊತ್ತಿಗೆ ಫೋನ್ ಮಾಡಿ ಕೇಳುತ್ತಾರೆ. "ಸಿಸ್ಟರ್, ಅಪ್ಪಾಜಿಗೆ ಹಾಕಿರೋ ಮಿಷನ್ ತೆಗೆಸಿಬಿಟ್ರೆ ನಮಗೆ ಪಾಪ ಬರುತ್ತಾ?" ಕೇಳುವವರಲ್ಲಿ ಕ್ರೈಸ್ತರಿಗಿಂತ ಬೇರೆಯವರೇ ಜಾಸ್ತಿ. ಚರ್ಚಿಗೆ ಹೋಗುವವಳು, ಪಾಪ ಪುಣ್ಯದ ವಿಷಯ ಇವಳಿಗೆ ಗೊತ್ತಿರುತ್ತೆ ಅಂದುಕೊಳ್ಳುತ್ತಾರೋ ಏನೋ.

ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ವಾಸಿಯಾಗುವ ದಾರಿ ಮುಚ್ಚಿದೆ, ಬರುವ ಸಾವನ್ನು ಸ್ವಲ್ಪ ದಿನ ಮುಂದಕ್ಕೆ ಹಾಕುವುದಷ್ಟೇ ಆ ಮಿಷನ್ ಮಾಡುತ್ತಿರುವ ಕೆಲಸ ಅಂತಾದರೆ, ತೆಗೆಸುವುದು ಪಾಪವಲ್ಲ. ಇದು ನನ್ನ ಸ್ವಂತ ಮಾತಲ್ಲ. ನಾನು ಹುಟ್ಟಿ ಬೆಳೆದ ಕಥೋಲಿಕ ಸಭೆ, ಅಂದರೆ ಪೋಪ್ ಅವರನ್ನು ಗುರುವಾಗಿ ಒಪ್ಪುವ ಕ್ರೈಸ್ತರ ಧರ್ಮಸಭೆ, ಹೇಳಿಕೊಂಡು ಬಂದಿರುವ ಮಾತು.

ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ದುಡ್ಡಿನ ಲೆಕ್ಕ ಹಾಕಿ ತೆಗೆಸಿದೆವಲ್ಲ, ಅದು ಪಾಪ ಅಲ್ವಾ? ಮೆಕ್ಕೆಜೋಳದ ಹೊಲ ಮಾರಿದ್ದರೆ, ಹೆಂಡತಿಯ ಸರ ಅಡ ಇಟ್ಟಿದ್ದರೆ ಅಪ್ಪ ಇನ್ನೂ ನಾಲ್ಕು ದಿನ ಇರುತ್ತಿದ್ದರೇನೋ ಅನ್ನುವ ಕೊರಗು ಅದು. ತಿಥಿ ಮುಗಿದು ವರ್ಷಗಳಾದರೂ ಹೋಗುವುದಿಲ್ಲ.

ಇದಕ್ಕೂ ಸಭೆ ಉತ್ತರ ಕೊಟ್ಟಿದೆ ಅಂದರೆ ತುಂಬಾ ಜನ ನಂಬುವುದಿಲ್ಲ. ಫಾದರ್‌ಗಳೂ ಚರ್ಚಿನ ಪ್ರವಚನದಲ್ಲಿ ಇದನ್ನು ಹೇಳುವುದು ಕಡಿಮೆ. 1957ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಅರಿವಳಿಕೆ ವೈದ್ಯ ಬ್ರೂನೊ ಹೈಡ್ ನೇರವಾಗಿ ಪೋಪ್ ಅವರನ್ನೇ ಕೇಳಿದರು. ಕೃತಕ ಉಸಿರಾಟದ ಯಂತ್ರಗಳು ಆಗಿನ್ನೂ ಹೊಸವು. ಪ್ರಜ್ಞೆ ಮರಳುವ ಆಸೆಯೇ ಇಲ್ಲದ ರೋಗಿಗೂ ಅದನ್ನು ಹಾಕಲೇಬೇಕೇ? ಹಾಕಿದ ಮೇಲೆ ತೆಗೆಯಬಹುದೇ? ಅದೇ ವರ್ಷ ನವೆಂಬರ್ 24ರಂದು ಆಗಿನ ಪೋಪ್ ಹನ್ನೆರಡನೇ ಪಿಯೂಸ್ ಉತ್ತರ ಕೊಟ್ಟರು. ಜೀವ ಉಳಿಸಿಕೊಳ್ಳಲು ಮಾಮೂಲಿ ಉಪಾಯಗಳನ್ನು ಬಳಸುವುದು ಮನುಷ್ಯನ ಕರ್ತವ್ಯ. ಮಾಮೂಲಿ ಯಾವುದು ಅನ್ನುವುದು ಆಳು, ಊರು, ಕಾಲ ನೋಡಿ ತೀರ್ಮಾನ ಆಗಬೇಕು. ತನಗಾಗಲಿ ಬೇರೆಯವರಿಗಾಗಲಿ ಹೊರಲಾರದ ಭಾರ ಆಗುವಂಥದ್ದು ಕಡ್ಡಾಯವಲ್ಲ. ಮನೆಯವರ ಮೇಲೆ ಹೊರಿಸಬಾರದಷ್ಟು ಭಾರ ಬಿದ್ದರೆ, ನಿಲ್ಲಿಸಿ ಅಂತ ಅವರು ವೈದ್ಯರನ್ನು ಕೇಳಬಹುದು, ವೈದ್ಯರು ಒಪ್ಪಬಹುದು ಅಂತಲೂ ಹೇಳಿದರು. "ಬೇರೆಯವರಿಗಾಗಲಿ" ಅನ್ನುವುದನ್ನು ಇನ್ನೊಮ್ಮೆ ಓದಿ. ಮಲಗಿರುವವರ ನೋವಿನ ಜೊತೆಗೆ ಹೊರಗೆ ಬೆಂಚಿನ ಮೇಲೆ ಕೂತಿರುವವರ ಕಷ್ಟವೂ ಅಲ್ಲಿ ಲೆಕ್ಕಕ್ಕೆ ಬಂದಿದೆ.

ಇದೂ ಹೊಸದೇನಲ್ಲ. 16ನೇ ಶತಮಾನದಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಪಾಠ ಹೇಳುತ್ತಿದ್ದ ಫ್ರಾನ್ಸಿಸ್ಕೊ ದೆ ವಿತೋರಿಯಾ ಅನ್ನುವ ಡೊಮಿನಿಕನ್ ಸನ್ಯಾಸಿ ಸಂಘದ ಗುರು ಇದನ್ನೇ ಕೋಳಿಯ ಲೆಕ್ಕದಲ್ಲಿ ಹೇಳಿದ್ದರು. ಕೋಳಿ ತಿಂದರೆ ಇನ್ನಷ್ಟು ಕಾಲ ಬದುಕುತ್ತೀಯ ಅಂತ ವೈದ್ಯ ಹೇಳಿದರೂ, ದುಬಾರಿ ಊಟ ಮಾಡಲೇಬೇಕು ಅಂತಿಲ್ಲ. ಔಷಧಿಗೋಸ್ಕರ ಇದ್ದಬದ್ದದ್ದನ್ನೆಲ್ಲ ಕೊಟ್ಟು ಬರಿಗೈ ಆಗಲೇಬೇಕು ಅಂತಲೂ ಇಲ್ಲ. 1980ರಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆಯಂತೂ ಇನ್ನೂ ಬಿಚ್ಚಿ ಹೇಳಿತು: ಮನೆಯವರ ಮೇಲೆ ವಿಪರೀತ ಖರ್ಚು ಹಾಕಬಾರದು ಅಂತ ರೋಗಿ ಚಿಕಿತ್ಸೆ ಬೇಡ ಅಂದರೆ ಅದು ಆತ್ಮಹತ್ಯೆ ಆಗುವುದಿಲ್ಲ.

ಹಾಗಂತ ಬಿಲ್ ನೋಡಿದ ಕೂಡಲೇ ಕೈ ತೊಳೆದುಕೊಳ್ಳಬಹುದಾ? ಇಲ್ಲ. ಲೆಕ್ಕದಲ್ಲಿ ಎರಡು ಕಡೆ ಇರಬೇಕು, ಒಂದು ಕಡೆ ಭಾರ, ಇನ್ನೊಂದು ಕಡೆ ಫಲ. ಹೊಲದಲ್ಲಿ ನಾಗರಹಾವು ಕಚ್ಚಿಸಿಕೊಂಡು ಬಂದ ಹುಡುಗನಿಗೂ ವೆಂಟಿಲೇಟರೇ ಹಾಕುತ್ತೇವೆ. ವಿಷಕ್ಕೆ ಉಸಿರಾಟದ ಸ್ನಾಯುಗಳು ಸೋತಿರುತ್ತವೆ. ಔಷಧಿ ಕೆಲಸ ಮಾಡಿ ವಿಷ ಇಳಿಯುವ ತನಕ ಮಿಷನ್ ಉಸಿರಾಡಿಸಿದರೆ ಎದ್ದು ನಡೆದುಕೊಂಡು ಮನೆಗೆ ಹೋಗುತ್ತಾನೆ. ಅಲ್ಲಿ ಬೇಡ ಅನ್ನುವುದು ತಪ್ಪೇ. ಅದೇ ಮಿಷನ್, ಅದೇ ಬೆಡ್, ಕ್ಯಾನ್ಸರ್ ಎಲ್ಲ ಕಡೆ ಹರಡಿರುವ ಅಜ್ಜನಿಗೆ ಬೇರೆ ಮಾತು.

ಇನ್ನೊಂದು ಮಾತು ಹೇಳುತ್ತೇನೆ, ಬೇಜಾರಾದರೂ ಪರವಾಗಿಲ್ಲ. ಅಪ್ಪನ ವಿಷಯದಲ್ಲಿ ಲೆಕ್ಕ ನಿಧಾನವಾಗಿ ನಡೆಯುತ್ತದೆ. ಅವ್ವನ ವಿಷಯದಲ್ಲಿ ಬೇಗ ಮುಗಿಯುತ್ತದೆ. ನ್ಯುಮೋನಿಯಾ ಆಗಿ ಬಂದ, ಔಷಧಿಗೆ ವಾಸಿಯಾಗುವಂಥ ಮುದುಕಿಯನ್ನೂ "ವಯಸ್ಸಾಯ್ತು ಬಿಡಿ ಸಿಸ್ಟರ್, ಇನ್ನೇನು" ಅಂದವರನ್ನು ಕಂಡಿದ್ದೇನೆ. ಪೋಪ್ ಹೇಳಿದ್ದನ್ನು ತಂದು ಅಲ್ಲಿಗೆ ಅಂಟಿಸಬೇಡಿ. ವಯಸ್ಸು ಅನ್ನುವುದು ರೋಗವಲ್ಲ. ದುಡ್ಡಿಲ್ಲ ಅನ್ನುವ ಮೊದಲು ಆಯುಷ್ಮಾನ್ ಕಾರ್ಡ್ ನಡೆಯುತ್ತಾ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಮ್ಮ ಜಿಲ್ಲಾ ಆಸ್ಪತ್ರೆ ಚಿಗಟೇರಿಯಲ್ಲಿ ಬೆಡ್ ಇದೆಯಾ ವಿಚಾರಿಸಿ.

ದಾಟಬಾರದ ಗೆರೆಯೂ ಇದೆ. ಇಂಜೆಕ್ಷನ್ ಕೊಟ್ಟು ಮುಗಿಸುವುದನ್ನು ಸಭೆ ಒಪ್ಪುವುದಿಲ್ಲ, ನಮ್ಮ ದೇಶದ ಕಾನೂನೂ ಒಪ್ಪುವುದಿಲ್ಲ. ಸಾಯಲಿ ಅಂತ ಮಾಡುವುದು ಒಂದು. ನಮ್ಮ ಕೈಯಲ್ಲಿ ಸಾವನ್ನು ತಡೆಯಲು ಆಗುವುದಿಲ್ಲ ಅಂತ ಒಪ್ಪಿಕೊಳ್ಳುವುದು ಇನ್ನೊಂದು. ಮಿಷನ್ ತೆಗೆದರೂ ಬಾಯಿ ಒದ್ದೆ ಮಾಡುವುದು, ಮಗ್ಗಲು ಬದಲಿಸುವುದು, ಒರೆಸುವುದು ನಿಲ್ಲಬಾರದು. ಟ್ಯೂಬಿನ ಊಟದ ಬಗ್ಗೆ ಪೋಪ್ ಎರಡನೇ ಜಾನ್ ಪಾಲ್ 2004ರಲ್ಲಿ ಕಟ್ಟುನಿಟ್ಟಾಗಿಯೇ ಹೇಳಿದರು. ಪ್ರಜ್ಞೆ ಇಲ್ಲದೆ ಮಲಗಿರುವವರಿಗೂ ಅನ್ನ ನೀರು ಚಿಕಿತ್ಸೆಯಲ್ಲ, ಆರೈಕೆ, ಅದು ದೇಹಕ್ಕೆ ಹಿಡಿಯುವ ತನಕ ಕೊಡಬೇಕು ಅಂತ. ನೋವಿಗೆ ಮಾರ್ಫಿನ್ ಕೊಡಬಹುದು. ಅದರಿಂದ ಆಯಸ್ಸು ಸ್ವಲ್ಪ ಕಡಿಮೆ ಆಗಬಹುದು ಅನ್ನುವ ಅಳುಕಿದ್ದರೂ, ಉದ್ದೇಶ ನೋವು ಇಳಿಸುವುದಾದರೆ ತಪ್ಪಲ್ಲ. ಇದನ್ನೂ 1957ರಲ್ಲೇ ಅದೇ ಪಿಯೂಸ್ ಹೇಳಿದ್ದಾರೆ. ನಮ್ಮ ಜನ ಮಾರ್ಫಿನ್ ಅಂದರೆ ಸುಮ್ನೆ ಹೆದರುತ್ತಾರೆ.

ಪ್ರೊಟೆಸ್ಟೆಂಟರಿಗೆ ಪೋಪ್ ಇಲ್ಲ, ಹೀಗೇ ಮಾಡಿ ಅಂತ ಒಂದೇ ಕಡೆಯಿಂದ ಆಜ್ಞೆ ಬರುವುದಿಲ್ಲ. ಸಿಎಸ್ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯ ನನ್ನ ಗೆಳತಿಯರು ಪಾಸ್ಟರ್ ಜೊತೆ ಕೂತು, ಪ್ರಾರ್ಥನೆ ಮಾಡಿ, ಮನಸ್ಸಾಕ್ಷಿ ಒಪ್ಪಿದಂತೆ ತೀರ್ಮಾನ ಮಾಡುತ್ತಾರೆ. ಬಹಳ ಸಲ ಬಂದು ನಿಲ್ಲುವುದು ನಾವು ನಿಂತ ಜಾಗಕ್ಕೇ.

"ಹರಿಹರದ ಆರೋಗ್ಯ ಮಾತೆಗೆ ಹರಕೆ ಹೊತ್ತಿದ್ದೀವಿ, ಪವಾಡ ಆಗಬಹುದು, ಮಿಷನ್ ಇರಲಿ" ಅನ್ನುವವರೂ ಇದ್ದಾರೆ. ಹರಕೆ ನಾನೂ ಹೊತ್ತವಳೇ, ಸೆಪ್ಟೆಂಬರ್ 8ಕ್ಕೆ ಅಲ್ಲಿ ನಡೆಯುವ ಮಾತೆ ಮರಿಯಮ್ಮನ ಹಬ್ಬಕ್ಕೆ ಹೋಗಿ ಮೇಣದಬತ್ತಿ ಹಚ್ಚುವವಳೇ. ಆದರೆ ಪವಾಡ ಮಾಡುವ ದೇವರಿಗೆ ಕರೆಂಟಿನ ಪ್ಲಗ್ ಬೇಕಾ? ಇದನ್ನು ಕೇಳಿದಾಗ ಒಬ್ಬ ಅಜ್ಜಿ ಅಳುತ್ತಿದ್ದವರು ನಕ್ಕುಬಿಟ್ಟರು. ಹಾಗೆಯೇ, ಫಾದರ್ ಬಂದರೆ ಮುಗೀತು ಅಂತ ಅವರನ್ನು ಕರೆಯುವುದನ್ನು ತಡ ಮಾಡಬೇಡಿ. ಎಣ್ಣೆ ಹಚ್ಚಿ ಮಾಡುವ ಆ ಸಂಸ್ಕಾರ ಸಾಯುವವರಿಗೆ ಮಾತ್ರ ಅಲ್ಲ, ಜಡ್ಡು ಜೋರಾದವರಿಗೆಲ್ಲ ಇದೆ.

ಕಾನೂನು ಏನನ್ನುತ್ತದೆ? 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ತೀರ್ಪು ಕೊಟ್ಟಿತು. 2023ರಲ್ಲಿ ನಿಯಮ ಸಡಿಲ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಈ ಹಕ್ಕಿಗಾಗಿ ಎರಡು ದಶಕಕ್ಕೂ ಜಾಸ್ತಿ ಹೋರಾಡಿದ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ನಮ್ಮ ದಾವಣಗೆರೆಯವರೇ. ಮಿಷನ್ ತೆಗೆಯಲು ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿಗಳು ನೋಡಬೇಕು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಇರುತ್ತಾರೆ. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆರೋಗ್ಯವಾಗಿರುವಾಗಲೇ ನಿಮ್ಮ ಇಷ್ಟ ಬರೆದಿಡಬಹುದು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ನಿಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಜೋರಾಗಿ ಅಳುವ ಮಗನ ಹೆಸರಿಗಿಂತ, ನಿಮ್ಮ ಮಾತು ಕೇಳುವ ಮಗಳ ಹೆಸರು ಬರೆಯಿರಿ.

ಇಷ್ಟೆಲ್ಲ ಇದ್ದರೂ ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಬೇರೆ. "ಮನೆಗೆ ಕರ್ಕೊಂಡು ಹೋಗ್ತೀವಿ" ಅಂತ ಸಹಿ ಹಾಕುತ್ತಾರೆ. ಆಂಬುಲೆನ್ಸಿನಲ್ಲಿ ಕೈಯಿಂದ ಉಸಿರು ತುಂಬುವ ಆಂಬು ಬ್ಯಾಗ್ ಒತ್ತಿಕೊಂಡು ಊರು ಮುಟ್ಟಿಸುತ್ತಾರೆ. ಮನೆಯಲ್ಲಿ ಸಾಯುವುದನ್ನು ನಾನು ತಪ್ಪು ಅನ್ನುವುದಿಲ್ಲ, ನನಗೂ ಅದೇ ಇಷ್ಟ. ಸಂಕಟ ಏನು ಅಂದರೆ, ನೋವಿಗೆ ಒಂದು ಮಾತ್ರೆಯೂ ಇಲ್ಲದೆ ಕಳಿಸುತ್ತಾರೆ. ಹಾಗಾಗಿ ಸಹಿ ಹಾಕುವ ಮೊದಲು ಡಾಕ್ಟರನ್ನು ನಿಲ್ಲಿಸಿ ಕೇಳಿ: ಉಸಿರು ಕಟ್ಟಿದಂತಾದರೆ ಏನು ಕೊಡಬೇಕು, ನೋವಿಗೆ ಏನು, ಗಂಟಲಲ್ಲಿ ಗೊರಗೊರ ಶುರುವಾದರೆ ಏನು ಮಾಡಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕು. ಚೀಟಿಯಲ್ಲಿ ಬರೆಸಿಕೊಳ್ಳಿ. ಔಷಧಿಯನ್ನು ಆಸ್ಪತ್ರೆಯ ಮೆಡಿಕಲ್ ಶಾಪಿನಲ್ಲೇ ತೆಗೆದುಕೊಂಡು ಹೊರಡಿ. ಹಳ್ಳಿಯಲ್ಲಿ ಸಿಗುವುದಿಲ್ಲ.