ಹಿಂದಿನ ಬೆಂಚಿನ ಕಳ್ಳಸಾಗಣೆ

ಅಂತರರಾಷ್ಟ್ರೀಯ ಅರ್ಥಶಾಸ್ತ್ರದ ಪತ್ರಿಕೆಗೆಂದು ನಾವು ಓದಿದ ಅಧ್ಯಾಯಗಳಲ್ಲಿ ಹೆಚ್ಚಿನವು ನನಗೆ ಮರೆತುಹೋಗಿವೆ. ಮರೆಯದೆ ಉಳಿದಿರುವುದು, ಈಚೆಗೆ ತೀರಿಕೊಂಡ ನಮ್ಮ ಪ್ರಾಧ್ಯಾಪಕರು ಕಪ್ಪುಹಲಗೆಯ ಮೇಲೆ ಬರೆದ ಮೂರು ಅಂಕಿಗಳು: 100, 80, 70.

ಒಂದೇ ವಸ್ತುವಿನ ತಯಾರಿಕೆಗೆ ನಮ್ಮ ದೇಶದಲ್ಲಿ 100, ನೆರೆಯ ದೇಶದಲ್ಲಿ 80, ಮೂರನೆಯ ದೇಶದಲ್ಲಿ 70 ತಗಲುತ್ತದೆ ಎಂದು ಅವರು ಆರಂಭಿಸಿದರು. ಶೇ. 50ರಷ್ಟು ಆಮದು ಸುಂಕವಿದ್ದರೆ ಹೊರಗಿನ ಸರಕುಗಳ ಬೆಲೆ 120 ಮತ್ತು 105 ಆಗುವುದರಿಂದ ನಾವು ನಮ್ಮದನ್ನೇ ಕೊಳ್ಳುತ್ತೇವೆ. ನೆರೆಯವರೊಡನೆ ಸುಂಕ ಒಕ್ಕೂಟ (ತಮ್ಮೊಳಗೆ ಸುಂಕವಿಲ್ಲದ, ಹೊರಗಿನವರಿಗೆಲ್ಲ ಒಂದೇ ಸುಂಕವಿರುವ ಕೂಟ) ಮಾಡಿಕೊಂಡರೆ ಅವರ 80ರ ಸರಕು ಒಳಬಂದು ವ್ಯಾಪಾರ ಸೃಷ್ಟಿಯಾಗುತ್ತದೆ. ನಾವೆಲ್ಲ ತಲೆದೂಗುತ್ತಿರುವಾಗಲೇ ಅವರು 50ನ್ನು ಅಳಿಸಿ 30 ಎಂದು ಬರೆದರು. ಈಗ ಒಕ್ಕೂಟಕ್ಕೆ ಮುಂಚೆ ಮೂರನೆಯ ದೇಶದಿಂದ ಸುಂಕ ಸೇರಿ 91ಕ್ಕೆ ತರಿಸುತ್ತಿದ್ದುದನ್ನು, ಒಕ್ಕೂಟವಾದ ಮೇಲೆ ನೆರೆಯವರಿಂದ 80ಕ್ಕೆ ಕೊಳ್ಳುತ್ತೇವೆ. ಗ್ರಾಹಕನಿಗೆ ಅಗ್ಗವಾಯಿತು, ನಿಜ. ಆದರೆ ಬೊಕ್ಕಸಕ್ಕೆ ಬರುತ್ತಿದ್ದ 21 ನಿಂತಿತು, 70ಕ್ಕೆ ಸಿಗುತ್ತಿದ್ದುದಕ್ಕೆ ದೇಶ 80 ತೆರುವಂತಾಯಿತು. ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ 1950ರಲ್ಲಿ ತೋರಿಸಿಕೊಟ್ಟ ವ್ಯಾಪಾರ ಪಲ್ಲಟ ಇದೇ. "ನೆರೆಯವನಿಗೆ ಬಾಗಿಲು ತೆರೆದಿರಿ, ಸರಿ. ಯಾರಿಗೆ ಮುಚ್ಚಿದಿರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರು ಹೊರಟುಹೋದರು.

ಮುಕ್ತ ವ್ಯಾಪಾರ ವಲಯದ ಪಾಠಕ್ಕೆ ಅವರು ಬೆಂಚುಗಳನ್ನೇ ದೇಶಗಳನ್ನಾಗಿಸಿ, ಬಣ್ಣದ ಚೀಟಿಗಳನ್ನು ಸರಕೆಂದು ಹಂಚಿದರು. ಸದಸ್ಯರ ನಡುವೆ ಸುಂಕವಿರಲಿಲ್ಲ. ಹೊರಗಿನವರ ಮೇಲೆ ಮಾತ್ರ ಆಯಾ ದೇಶ ತನಗೆ ಬೇಕಾದಷ್ಟು ವಿಧಿಸಬಹುದಾಗಿತ್ತು. ಹಿಂದಿನ ಬೆಂಚಿನ ನಾವು ನಮ್ಮ ಸುಂಕವನ್ನು ಎಲ್ಲರಿಗಿಂತ ಕೆಳಗಿಳಿಸಿ, ಹೊರಗಿನ ಚೀಟಿಗಳನ್ನು ತರಿಸಿಕೊಂಡು, ಅವುಗಳ ಮೇಲೆ ನಮ್ಮ ದೇಶದ ಹೆಸರು ಗೀಚಿ ಮುಂದಿನ ಬೆಂಚಿಗೆ ದಾಟಿಸತೊಡಗಿದೆವು. ಭಾರಿ ಸುಂಕ ಹಾಕಿ ಕುಳಿತಿದ್ದ ಮುಂದಿನ ಬೆಂಚಿನ ಬೊಕ್ಕಸಕ್ಕೆ ಒಂದು ಕಾಸೂ ಬೀಳಲಿಲ್ಲ. ಅಲ್ಲಿದ್ದ ಬುದ್ಧಿವಂತರು ಎದ್ದು ದೂರು ಕೊಟ್ಟರು. ಉಪಾಯ ನನ್ನದೇ ಆಗಿತ್ತೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬೈಗುಳ ಬರುವುದೆಂದು ಕಾದಿದ್ದವರಿಗೆ ನಿರಾಸೆಯಾಯಿತು. ಪ್ರಾಧ್ಯಾಪಕರು ಮನಸಾರೆ ನಕ್ಕು, ಸರಕಿನ ಮೂಲವನ್ನು ನಿರ್ಧರಿಸುವ ನಿಯಮಗಳು ಯಾಕೆ ಬೇಕೆಂಬುದನ್ನು ನಮ್ಮ ಚೀಟಿಗಳನ್ನೇ ಹಿಡಿದು ವಿವರಿಸಿದರು. 1957ರ ರೋಮ್ ಒಪ್ಪಂದಕ್ಕೆ ಸೇರಿದ ಯುರೋಪಿನ ಆರು ದೇಶಗಳು ಹೊರಗಿನವರಿಗೆಲ್ಲ ಒಂದೇ ಸುಂಕವಿರುವ ಒಕ್ಕೂಟವನ್ನು ಆರಿಸಿಕೊಂಡು 1968ರ ಜುಲೈ 1ರ ಹೊತ್ತಿಗೆ ಅದನ್ನು ಪೂರ್ಣಗೊಳಿಸಿದವು. ಬ್ರಿಟನ್ ಸೇರಿದಂತೆ ಏಳು ದೇಶಗಳು 1960ರಲ್ಲಿ ಕಟ್ಟಿಕೊಂಡ ಮುಕ್ತ ವ್ಯಾಪಾರ ಸಂಘಕ್ಕೆ ಮೂಲದ ದಾಖಲೆಗಳ ತಾಪತ್ರಯ ತಪ್ಪಲಿಲ್ಲ.

ಈಗಿನ ತರಗತಿಗಳಲ್ಲಿ ಅರ್ಥಶಾಸ್ತ್ರಜ್ಞ ಬೇಲಾ ಬಲಾಸ್ಸ 1961ರಲ್ಲಿ ವಿಂಗಡಿಸಿದ, ಮುಕ್ತ ವ್ಯಾಪಾರ ವಲಯದಿಂದ ಪೂರ್ಣ ಏಕೀಕರಣದವರೆಗಿನ ದೇಶಗಳ ಆರ್ಥಿಕ ಏಕೀಕರಣದ ಐದು ಹಂತಗಳು ಪರದೆಯ ಮೇಲೆ ಮೆಟ್ಟಿಲುಗಳ ಚಿತ್ರವಾಗಿ ಮೂಡುತ್ತವೆ, ವಿದ್ಯಾರ್ಥಿಗಳು ಅದರ ಫೋಟೋ ತೆಗೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಮೂರನೆಯದು ಯಾವುದೆಂದು ಗುರುತು ಹಾಕಿ ಬರುತ್ತಾರೆ. ಏರಲೇಬೇಕಾದ ಮೆಟ್ಟಿಲುಗಳೆಂಬ ಈ ಭಾವನೆಯೇ ನಮ್ಮ ಪ್ರಾಧ್ಯಾಪಕರಿಗೆ ಹಿಡಿಸುತ್ತಿರಲಿಲ್ಲ. 1992ರ ಫೆಬ್ರವರಿಯಲ್ಲಿ ಯುರೋಪಿನ ದೇಶಗಳಿಗೆ ಒಂದೇ ನಾಣ್ಯ ತರಲು ದಾರಿ ಮಾಡಿದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಬಿದ್ದಾಗ ನಾವು ಅವರ ವಿದ್ಯಾರ್ಥಿಗಳಾಗಿದ್ದೆವು. ಎಲ್ಲರೂ ಸಂಭ್ರಮಿಸುತ್ತಿದ್ದಾಗ ಅವರು ಒಂದೇ ನಾಣ್ಯ ಯಾವ ಪ್ರದೇಶಗಳಿಗೆ ಒಗ್ಗುತ್ತದೆಂಬುದರ ಕುರಿತ, ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ ಅವರ 1961ರ ಲೇಖನವನ್ನು ನಮ್ಮ ಕೈಗಿತ್ತು, ತನ್ನ ನಾಣ್ಯದ ಮೌಲ್ಯವನ್ನು ಇಳಿಸುವ ಅವಕಾಶ ಬಿಟ್ಟುಕೊಟ್ಟ ದೇಶಕ್ಕೆ ಕಷ್ಟ ಬಂದರೆ ನೆರವಿಗೆ ಬರುವ ಬೊಕ್ಕಸ ಯಾವುದು ಎಂದು ಕೇಳಿದ್ದರು. ಆ ಒಂದೇ ನಾಣ್ಯವನ್ನು ಬಳಸುತ್ತಿದ್ದ ಗ್ರೀಸ್ 2010ರಲ್ಲಿ ಸಾಲದ ಸುಳಿಗೆ ಸಿಕ್ಕಿದಾಗ ನಮ್ಮ ಸಹಪಾಠಿಗಳಲ್ಲಿ ಹಲವರು ಅದೇ ಪ್ರಶ್ನೆಯನ್ನು ನೆನೆದು ಪರಸ್ಪರ ಫೋನು ಮಾಡಿದ್ದುಂಟು. ಬ್ರಿಟನ್ 2020ರಲ್ಲಿ ಐರೋಪ್ಯ ಒಕ್ಕೂಟದಿಂದ ಹೊರನಡೆದಾಗಲಂತೂ, ಇಳಿಯುವ ದಾರಿಯನ್ನು ತೋರಿಸದ ಆ ಮೆಟ್ಟಿಲುಗಳ ಚಿತ್ರ ನನಗೆ ಇನ್ನಷ್ಟು ಅಪೂರ್ಣವಾಗಿ ಕಂಡಿತು.

ವಿಭಾಗದ ಈಗಿನ ಅಧ್ಯಾಪಕರಿಗೆ ಒಂದು ವಿನಂತಿ: ವರ್ಷಕ್ಕೊಮ್ಮೆಯಾದರೂ ಆ ಚೀಟಿಗಳ ಆಟವನ್ನು ಆಡಿಸಬೇಕು. ಅದರ ನಿಯಮಗಳನ್ನು ಬರೆದುಕೊಂಡ ಹಾಳೆ ನನ್ನ ಬಳಿ ಇದೆ. ಕರೆದರೆ ಬಂದು ನಡೆಸಿಕೊಡುತ್ತೇನೆ, ಹಿಂದಿನ ಬೆಂಚಿನವರಿಗೆ ಉಪಾಯವನ್ನು ಮಾತ್ರ ಮೊದಲೇ ಹೇಳಿಕೊಡಲಾರೆ.